ಪಾವಗಡದ ಕೌಂಟರಿನಲ್ಲಿ ಯಾರಿದ್ದಾರೆ?

ಹೊಸದಾಗಿ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದವರು ಈಗಲೂ ನನಗೆ ಫೋನು ಮಾಡುತ್ತಾರೆ. ‘ಸಾರ್, ಸರ್ವರ್ ಒಳಗೆ ಯಾರ್ಯಾರಿದ್ದಾರೆ ಅಂತ ಕೇಳಿದ್ರೆ ಪ್ರವೇಶ ಇಲ್ಲ ಅಂತ ಬರ್ತಿದೆ, ಏನ್ ಮಾಡ್ಲಿ?’ ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ‘ಯಾರಿದ್ದಾರೆ ಅಂತ ತಿಳ್ಕೊಂಡು ಏನ್ ಮಾಡ್ಬೇಕು ಅಂತಿದ್ದೀಯಪ್ಪಾ?’ ಅವರಿಗೆ ಇದು ಮುದುಕನ ಅಧಿಕಪ್ರಸಂಗ ಎನಿಸಬಹುದು. ಎನಿಸಲಿ. ಆ ಪ್ರಶ್ನೆ ನನಗೆ ಎಲ್ಲಿಂದ ಬಂತು ಎಂಬುದನ್ನು ಒಂದು ಸಲ ಬರೆದಿಟ್ಟುಬಿಟ್ಟರೆ ಪ್ರತಿ ಸಲ ಫೋನಿನಲ್ಲಿ ಉಸಿರು ಖರ್ಚು ಮಾಡುವುದು ತಪ್ಪುತ್ತದೆ.

ನಾನು ದೊಡ್ಡೇರಿಯ ಕಡೆಯವನು, ಹೆಸರು ಶಿವರುದ್ರಯ್ಯ. ದುಡಿದಿದ್ದು ಮಧುಗಿರಿಯ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಸೇರಿದಾಗ ಜನರೇಟರಿಗೆ ಡೀಸೆಲ್ ಹುಯ್ಯುತ್ತಿದ್ದೆ. ಆಮೇಲೆ ಬ್ಯಾಟರಿ ನೋಡಿಕೊಂಡೆ. ಬ್ಯಾಟರಿ ಕೋಣೆಯ ಪಕ್ಕದಲ್ಲೇ ಸರ್ವರ್ ತಂದು ಕೂರಿಸಿದ್ದರಿಂದ ಅದನ್ನೂ ನೀನೇ ನೋಡಿಕೋ ಎಂದರು. ನನ್ನ ಬಡ್ತಿಯ ಕಥೆ ಇಷ್ಟೇ, ಅದರಲ್ಲಿ ಓದುವಂಥದ್ದೇನೂ ಇಲ್ಲ.

ಆಸ್ಪತ್ರೆಗೆ ಸಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಶಾಖೆ. ಕಣ್ಣು ತಪಾಸಣೆ ಅಲ್ಲಿ, ಆಪರೇಷನ್ ಮಧುಗಿರಿಯಲ್ಲಿ. ಶಾಖೆಗಳ ಕಂಪ್ಯೂಟರಿನಲ್ಲಿ ಏನೂ ಇರುತ್ತಿರಲಿಲ್ಲ, ಅವು ಬರೀ ಕಿಟಕಿಗಳು. ಸಿರಾದಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿದ್ದುದು ಮಧುಗಿರಿಯ ಸರ್ವರಿನಲ್ಲಿ. ಹಾಗೆ ದೂರದಿಂದ ಒಳಗೆ ಬಂದು ಕೂತ ಒಬ್ಬೊಬ್ಬರದೂ ಒಂದೊಂದು ಸೆಷನ್. ನಾನು ನನ್ನ ಮೇಜಿನಿಂದ ಒಂದು ಸಾಲು ಟೈಪು ಮಾಡಿ ‘ಒಳಗೆ ಯಾರಿದ್ದಾರೆ’ ಎಂದು ಸರ್ವರನ್ನು ಕೇಳಿದರೆ ಅದು ಪಟ್ಟಿ ಕೊಡುತ್ತಿತ್ತು. ಹೆಸರು, ಸಂಪರ್ಕ ಇದೆಯೋ ಕಡಿದಿದೆಯೋ, ಯಾವಾಗ ಬಂದರು, ಎಷ್ಟು ಹೊತ್ತಿನಿಂದ ಕೀಲಿ ಮುಟ್ಟಿಲ್ಲ ಇವೆಲ್ಲ ಅದರಲ್ಲಿ ಇರುತ್ತಿದ್ದವು. ಈ ಕೊನೆಯ ಅಂಕಣವನ್ನು ನೆನಪಿನಲ್ಲಿಟ್ಟುಕೊಳ್ಳಿ, ನನ್ನ ಹೊಟ್ಟೆ ಉರಿಯುವುದು ಅದರ ಮೇಲೆ.

ಪಟ್ಟಿ ನಮಗೆ ಬೇಕಾಗುತ್ತಿದ್ದುದು ಒಂದೇ ಕಾರಣಕ್ಕೆ. ಕರೆಂಟು ಹೋದರೆ ಶಾಖೆಯವರ ಸಂಪರ್ಕ ಕಡಿಯುತ್ತದೆ, ಸೆಷನ್ ಮಾತ್ರ ಸರ್ವರಿನಲ್ಲಿ ಹಾಗೇ ಉಳಿಯುತ್ತದೆ. ಅವರು ತೆರೆದಿದ್ದ ರೋಗಿಯ ಪುಟವನ್ನು ಅದು ಹಿಡಿದುಕೊಂಡು ಕೂರುತ್ತದೆ, ಬೇರೆಯವರು ಅದನ್ನು ತೆರೆಯುವಂತಿಲ್ಲ. ಆಗ ಆ ಸೆಷನ್ ಯಾರದು ಎಂದು ನೋಡಿ ಕಡಿಯಬೇಕು. ಕಡಿಯುವ ಮುಂಚೆ ಫೋನು ಮಾಡಿ ಕೇಳಬೇಕೆಂಬುದು ನಾನೇ ಮಾಡಿಕೊಂಡಿದ್ದ ಪದ್ಧತಿ. ಸಿರಾದ ಕೌಂಟರಿನ ಖಾದರ್ ಸಾಹೇಬರಿಗೆ ಫೋನು ಮಾಡಿದರೆ ಸಾಕು, ಆ ಕಡೆಯಿಂದ ಕೂಗು ಬರುತ್ತಿತ್ತು. ‘ಅರೇ ಸಾಬ್, ಕಡೀಬ್ಯಾಡಿ ಸಾಬ್! ಅಜ್ಜಿ ಕಣ್ಣಿನ ನಂಬರ್ ಅರ್ಧ ಹೊಡ್ದಿದೀನಿ, ಕರೆಂಟ್ ಹೋಗ್ಬುಟ್ಟಿದೆ. ದೋ ಮಿನಿಟ್!’ ಅವರ ‘ದೋ ಮಿನಿಟ್’ ಮುಗಿಯುವಷ್ಟರಲ್ಲಿ ನಾನು ಒಂದು ಕಾಫಿ ಕುಡಿದು ಬರಬಹುದಿತ್ತು. ಆದರೂ ಕಾಯುತ್ತಿದ್ದೆ. ಫೋನು ಮಾಡದೆ ಕಡಿದರೆ ಹೊಡೆದದ್ದೆಲ್ಲ ಹೋಗುತ್ತದೆ, ಅಜ್ಜಿಯನ್ನು ಮತ್ತೆ ಕುರ್ಚಿಗೆ ಕೂರಿಸಬೇಕು.

ಈಗ ಹೊಸಬರು ಫೋನಿನಲ್ಲಿ ಕೇಳುವ ಆ ದೋಷದ ವಿಷಯ. ‘ಸರ್ವರ್ ಸಿಗುತ್ತಿಲ್ಲ’ ಎನ್ನುವುದು ಬೇರೆ, ‘ಪ್ರವೇಶ ನಿರಾಕರಿಸಲಾಗಿದೆ’ ಎನ್ನುವುದು ಬೇರೆ. ಮೊದಲನೆಯದರಲ್ಲಿ ಬಾಗಿಲು ಬಡಿದರೂ ಯಾರೂ ಬಂದಿಲ್ಲ. ಎರಡನೆಯದರಲ್ಲಿ ಬಂದು, ಮುಖ ನೋಡಿ, ನಿನಗೆ ಹೇಳುವುದಿಲ್ಲ ಎಂದಿದ್ದಾರೆ. ಎರಡನೆಯದು ಬಂದರೆ ಕೇಬಲ್ ಅಲ್ಲಾಡಿಸಬೇಡಿ. ಸರ್ವರಿನ ಎದುರಿಗೇ ಕೂತು ಅದೇ ಪ್ರಶ್ನೆ ಕೇಳಿ. ಅಲ್ಲಿ ಉತ್ತರ ಬಂದು ದೂರದಿಂದ ಬಾರದಿದ್ದರೆ, ದೂರದ ಪ್ರಶ್ನೆಗೆ ಉತ್ತರಿಸುವ ವ್ಯವಸ್ಥೆಯೇ ಸರ್ವರಿನಲ್ಲಿ ಮುಚ್ಚಿದೆ ಎಂದು ಅರ್ಥ. ಒಬ್ಬರ ಹೆಸರಿಗೆ ಉತ್ತರ ಬಂದು ಇನ್ನೊಬ್ಬರ ಹೆಸರಿಗೆ ಬಾರದಿದ್ದರೆ, ಆ ಹೆಸರಿಗೆ ಇತರರ ಸೆಷನ್ ನೋಡುವ ಅನುಮತಿ ಇಲ್ಲ. ನೋಡುವ ಅನುಮತಿ ಬೇರೆ, ಕಡಿಯುವ ಅಧಿಕಾರ ಬೇರೆ. ಬೇಕಾದಷ್ಟನ್ನೇ ಕೊಡಿ.

ಇಷ್ಟು ಬುದ್ಧಿ ಹೇಳುವ ನಾನು ಇದನ್ನು ಕಲಿತದ್ದು ಕೊರಟಗೆರೆಯ ಬಸ್ಸಿನಲ್ಲಿ. ಒಂದು ದಿನ ಬೆಳಿಗ್ಗೆಯಿಂದ ನನಗೇ ನಿರಾಕರಣೆ. ಹಿಂದಿನ ದಿನ ಕೊರಟಗೆರೆಯಲ್ಲಿ ಹೊಸ ಯಂತ್ರ ಜೋಡಿಸಿದ್ದೆವು, ಅದರದ್ದೇ ಕಿತಾಪತಿ ಎಂದುಕೊಂಡು ಬಸ್ಸು ಹತ್ತಿದೆ. ಅಲ್ಲಿ ಎಲ್ಲ ಬಿಚ್ಚಿ, ಎಲ್ಲ ಜೋಡಿಸಿ, ಬೈಗುಳ ತಿಂದು ವಾಪಸು ಬಂದೆ. ಆಮೇಲೆ ಹೊಳೆಯಿತು. ಸರ್ವರಿನಲ್ಲಿ ನನ್ನ ಗುಪ್ತಪದ ಬದಲಿಸಿದ್ದವನು ನಾನೇ, ನನ್ನ ಮೇಜಿನ ಯಂತ್ರ ಹಳೆಯದನ್ನೇ ನೆನಪಿಟ್ಟುಕೊಂಡು ಕಳಿಸುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಕೊರಟಗೆರೆಯವರು ಇದನ್ನು ನನ್ನ ಬೀಳ್ಕೊಡುಗೆಯ ದಿನದವರೆಗೂ ಮರೆಯಲಿಲ್ಲ.

ಆಗ ನಮ್ಮ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದವರು ನಿವೃತ್ತ ಹೆಡ್‌ಮಾಸ್ಟರು. ನನ್ನ ಪರದೆಯ ಮೇಲಿನ ಪಟ್ಟಿ ನೋಡಿ ಒಂದು ದಿನ ತಮ್ಮ ಕೋಣೆಯಲ್ಲೂ ಅದನ್ನು ನೋಡಬೇಕೆಂದು ಆಸೆಪಟ್ಟರು. ಅವರ ಯಂತ್ರದಲ್ಲಿ ಅದೇ ಸಾಲು ಹೊಡೆದರೆ ನಿರಾಕರಣೆ ಬಂತು. ಕೋಣೆಯಿಂದ ಹೊರಬಂದು ಕೂಗಿದರು.

‘ಯಾರಯ್ಯಾ ಅವನು, ನನಗೇ ಪ್ರವೇಶ ಇಲ್ಲ ಅನ್ನೋನು? ಅವನಿಗೊಂದು ನೋಟೀಸ್ ಕೊಡು!’

‘ಯಾರೂ ಅಲ್ಲ ಸಾರ್, ಯಂತ್ರ.’

‘ಯಂತ್ರಕ್ಕೆ ಅಷ್ಟು ಧೈರ್ಯ ಕೊಟ್ಟೋರು ಯಾರು?’

‘ನಾನೇ ಸಾರ್.’

ಅವರು ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ ನಕ್ಕುಬಿಟ್ಟರು. ‘ನನ್ನನ್ನೇ ಬಿಡದೋನು ಇನ್ಯಾರನ್ನೂ ಬಿಡಲ್ಲ. ಹಂಗೇ ಇರ್ಲಿ ಬಿಡು’ ಎಂದರು. ಸರ್ವರ್ ನೋಡಿಕೊಳ್ಳುವವರನ್ನು ಬಿಟ್ಟು ಬೇರೆ ಯಾರಿಗೂ ಆ ಪಟ್ಟಿ ಕಾಣಬಾರದೆಂದು ಸಮಿತಿಯಲ್ಲಿ ಹೇಳಿ ನಿಯಮವನ್ನೂ ಮಾಡಿಸಿದರು. ಅವರು ಹೋದ ಮೇಲೆ ಅಂಥ ಮೇಲಧಿಕಾರಿ ನನಗೆ ಸಿಗಲಿಲ್ಲ.

ಅವರ ನಂತರ ಟ್ರಸ್ಟಿನವರು ಹೊರಗಿನಿಂದ ಒಬ್ಬ ಆಡಳಿತಾಧಿಕಾರಿಯನ್ನು ಕರೆತಂದರು. ಅವರನ್ನು ಕೆಟ್ಟವರೆಂದು ಬರೆದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಜಗುಲಿಯಲ್ಲಿ ರೋಗಿಗಳು ಬಿಸಿಲಿಗೆ ನಿಲ್ಲುವುದನ್ನು ನೋಡಿ ಚಪ್ಪರ ಹಾಕಿಸಿದವರು, ಕುಡಿಯುವ ನೀರು ಇಡಿಸಿದವರು ಅವರೇ. ಆದರೆ ಪಾವಗಡದಿಂದ ದೂರು ಬರುತ್ತಿತ್ತು. ಕ್ಯೂ ಮುಂದಕ್ಕೆ ಹೋಗುವುದಿಲ್ಲ, ಕೌಂಟರಿನಲ್ಲಿ ಯಾರೂ ಇರುವುದಿಲ್ಲ ಎಂದು.

ಪಾವಗಡದ ಕೌಂಟರಿನಲ್ಲಿ ಇದ್ದವರು ಲಕ್ಷ್ಮೀದೇವಮ್ಮ. ಶಾಖೆ ತೆರೆದಾಗಿನಿಂದ ಇದ್ದ ಹೆಂಗಸು. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ಮಾತು ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ನಾನು ಫೋನು ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಅಲ್ಲಿನ ಸಂಬಳದಿಂದಲೇ ಅವರ ಮನೆ ನಡೆಯಬೇಕಿತ್ತು, ಹಾಸಿಗೆ ಹಿಡಿದ ಅತ್ತೆಯನ್ನೂ ಅವರೇ ನೋಡಿಕೊಳ್ಳಬೇಕಿತ್ತು.

ಆಡಳಿತಾಧಿಕಾರಿ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದಾಗ ಪರದೆಯ ಮೇಲೆ ಪಟ್ಟಿ ಇತ್ತು. ಸಿರಾ, ಕೊರಟಗೆರೆಗಳ ಎದುರಿಗೆ ಕೀಲಿ ಮುಟ್ಟದ ಹೊತ್ತು ಸೊನ್ನೆ. ಪಾವಗಡದ ಎದುರಿಗೆ ಅರ್ಧ ಗಂಟೆಗೂ ಮೇಲೆ. ಅವರು ಬೆರಳಿಟ್ಟು ತೋರಿಸಿದರು. ‘ಇದೇನು ಶಿವರುದ್ರಯ್ಯನವರೇ?’ ನಾನು ಅರ್ಥ ಹೇಳಿದೆ. ‘ನನಗೆ ಇದು ದಿನಾ ನನ್ನ ಮೇಜಿನ ಮೇಲೇ ಕಾಣಬೇಕು’ ಎಂದು ಹೋದರು. ಸಂಜೆ ತಾವೇ ಪ್ರಯತ್ನಿಸಿದ್ದಾರೆ, ನಿರಾಕರಣೆ ಬಂದಿದೆ. ಅದನ್ನು ಸರಿಮಾಡಿ ಎಂದು ಹೇಳಿಕಳಿಸಿದರು.

ಸರಿಮಾಡುವುದು ಐದು ನಿಮಿಷದ ಕೆಲಸ. ಆದರೆ ಆ ಅರ್ಧ ಗಂಟೆ ನನಗೂ ವಿಚಿತ್ರವಾಗಿ ಕಂಡಿತ್ತು. ಮೊದಲು ನೋಡಿಬರೋಣ ಎಂದು ಮಾರನೆಯ ದಿನ ಪಾವಗಡಕ್ಕೆ ಹೋದೆ. ನಾನು ಹೋದಾಗ ಕೌಂಟರಿನ ಕುರ್ಚಿ ಖಾಲಿ. ಪರದೆಯ ಮೇಲೆ ಅರ್ಧ ತುಂಬಿದ ಪುಟ. ಲಕ್ಷ್ಮೀದೇವಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದ ನಿಡುಗಲ್ ಕಡೆಯ ಒಬ್ಬ ಅಜ್ಜಿಯ ಪಕ್ಕದಲ್ಲಿ, ಆಕೆಯ ಕೈ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು.

‘ನಿನ್ ಯಜಮಾನ್ರ ಹೆಸ್ರು ಹೇಳವ್ವಾ.’

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ‘ಥೂ, ನಾನೆಂಗೆ ಹೇಳ್ಲೇ? ಕೊಂಡ ಮೀದ ಉನ್ನಾಡು ಕದಾ, ಆಯಪ್ಪಂದೇ ಹೆಸ್ರು.’

‘ಯಾವ್ ಬೆಟ್ಟದ ಮೇಲಿರೋನು, ತಿರುಪತಿದಾ?’

‘ಊಂ.’

‘ವೆಂಕಟೇಶಪ್ಪನಾ?’ ಅಜ್ಜಿಯ ತಲೆ ಅಡ್ಡಡ್ಡ ಆಡಿತು. ‘ವೆಂಕಟರವಣಪ್ಪ?’ ಮತ್ತೆ ಅಡ್ಡ. ‘ಶ್ರೀನಿವಾಸ?’ ಅಜ್ಜಿಗೆ ನಗು ಬಂತು. ‘ತಿಮ್ಮಪ್ಪ?’

‘ಊಂ. ಅದ್ರಾಗೆ ಸಣ್ಣೋನು.’

‘ಸಣ್ಣತಿಮ್ಮಪ್ಪ!’

‘ಅದೇ ಕಣಮ್ಮ’ ಎಂದು ಅಜ್ಜಿ ಮುಖವನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡಳು.

ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಜೊತೆಗೆ ಬಂದವರಿದ್ದರೆ ಅವರು ಹೇಳುತ್ತಾರೆ. ಒಬ್ಬಳೇ ಬಂದವಳಾದರೆ ಹೀಗೆ ದೇವರು, ಬೆಟ್ಟ ಎಲ್ಲ ಸುತ್ತಿ ಬರಬೇಕು. ನಮ್ಮ ಪುಟದಲ್ಲಿ ಗಂಡನ ಹೆಸರಿನ ಜಾಗ ತುಂಬದಿದ್ದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ಚುಕ್ಕೆ ಒತ್ತಿದರೂ ಹೋಗುತ್ತಿತ್ತು, ಉಳಿದ ಶಾಖೆಗಳಲ್ಲಿ ಒತ್ತುತ್ತಿದ್ದುದು ಚುಕ್ಕೆಯನ್ನೇ.

‘ಚುಕ್ಕೆ ಒತ್ತಿದ್ರೆ ಆಗಲ್ವೇನಮ್ಮಾ? ಹೊರಗಡೆ ಅಷ್ಟು ಜನ ನಿಂತಿದಾರೆ’ ಎಂದೆ.

ಲಕ್ಷ್ಮೀದೇವಮ್ಮ ರೇಗಿದರು. ‘ಆಗ್ತದಣ್ಣಾ, ಯಾಕಾಗಲ್ಲ? ಒಂದೊಂದ್ ಊರಾಗೆ ಮೂರು ಮೂರು ಹನುಮಕ್ಕ ಅವ್ರೆ. ವಯಸ್ಸು ಕೇಳಿದ್ರೆ ಎಲ್ರೂ ಎಪ್ಪತ್ತಿರಬೌದು ಅಂತಾರೆ. ಫೋನ್ ನಂಬ್ರ ಪಕ್ಕದ ಮನೇದು. ಗಂಡನ ಹೆಸ್ರು ಬುಟ್ರೆ ಇನ್ನೇನ್ ಗುರ್ತು ಹೇಳು ನೀನೇ. ಒಬ್ಬಳ ಶುಗರು ಇನ್ನೊಬ್ಬಳ ಕಣ್ಣಿಗೆ ಹೋದ್ರೆ ನೀನ್ ಬಂದು ಜವಾಬು ಹೇಳ್ತೀಯಾ?’

ಹೀಗೆ ಐದಾರು ಜನರನ್ನು ಕೇಳಿ, ಎಲ್ಲ ತಲೆಯಲ್ಲಿಟ್ಟುಕೊಂಡು, ಬಂದು ಒಟ್ಟಿಗೆ ಟೈಪು ಮಾಡುತ್ತಿದ್ದರು. ಅಷ್ಟು ಹೊತ್ತೂ ಮಧುಗಿರಿಯ ಪಟ್ಟಿಯಲ್ಲಿ ಅವರ ಹೆಸರಿನ ಎದುರಿಗೆ ನಿಮಿಷಗಳು ಏರುತ್ತಿದ್ದವು. ‘ಸ್ವಲ್ಪ ಕುರ್ಚಿ ಮೇಲೂ ಕೂತ್ಕೊಳಮ್ಮ, ನಾನು ಫೋನ್ ಮಾಡಿದ್ರೆ ಎತ್ತೋಕಾದ್ರೂ’ ಎಂದು ಬೈದು ಬಂದೆ. ಬೈದೆ, ಆದರೆ ಮನಸ್ಸಿನಲ್ಲಿ ಆಕೆ ಹೇಳಿದ್ದು ಸರಿ ಎಂದು ಗೊತ್ತಾಗಿತ್ತು.

ಆಡಳಿತಾಧಿಕಾರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಯಂತ್ರಕ್ಕೆ ಕೀಲಿ ಒತ್ತಿದ್ದು ಮಾತ್ರ ಗೊತ್ತು ಸಾರ್, ಜಗುಲಿಯಲ್ಲಿ ನಡೆದದ್ದು ಗೊತ್ತಿಲ್ಲ ಎಂದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

‘ಒಬ್ಬರಿಗೆ ಇಷ್ಟು ಹೊತ್ತು ಹಿಡಿದರೆ ಹಿಂದೆ ನಿಂತವರ ಗತಿ ಏನು ಶಿವರುದ್ರಯ್ಯನವರೇ? ಅವರೂ ಕಣ್ಣು ಕಾಣದವರೇ ಅಲ್ಲವಾ?’

ಅಲ್ಲಿಗೆ ಇನ್ನೊಬ್ಬರನ್ನು ಹಾಕಿ, ಒಬ್ಬರು ಕೇಳಲಿ, ಒಬ್ಬರು ಟೈಪು ಮಾಡಲಿ ಎಂದೆ. ಮುಂದಿನ ವರ್ಷ ನೋಡೋಣ ಎಂದರು. ಪಟ್ಟಿಯ ವಿಷಯಕ್ಕೆ ಬಂದಾಗ, ಹಳೆಯ ನಿಯಮ ಇದೆ, ಸಮಿತಿ ಬದಲಿಸಿದರೆ ಕೊಡುತ್ತೇನೆ ಎಂದೆ. ಕೊಟ್ಟರೂ ನೋಡುವ ಅನುಮತಿ ಮಾತ್ರ ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಬೇಡ ಎಂದೆ. ಅವರ ಮುಖ ಗಂಟಾಯಿತು.

ಸಮಿತಿಯ ಸಭೆ ಸೇರುವುದನ್ನು ನಾನು ಕಾಯುತ್ತಿದ್ದೆ. ಅಲ್ಲಿ ಲಕ್ಷ್ಮೀದೇವಮ್ಮನ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೆ. ಅದಕ್ಕೂ ಮುಂಚೆ, ನಾನು ಐ.ಡಿ.ಹಳ್ಳಿಯ ತಪಾಸಣಾ ಶಿಬಿರಕ್ಕೆ ಯಂತ್ರ ಹೊತ್ತುಕೊಂಡು ಹೋಗಿದ್ದ ದಿನ, ಆಡಳಿತಾಧಿಕಾರಿ ಹೊರಗಿನ ಒಬ್ಬ ತಂತ್ರಜ್ಞನನ್ನು ಕರೆಸಿದರು. ಅವನು ಅನುಮತಿ, ವ್ಯವಸ್ಥೆ ಯಾವುದನ್ನೂ ಬಿಡಿಸಿ ನೋಡಲು ಹೋಗಲಿಲ್ಲ. ಅಧಿಕಾರಿಯ ಹೆಸರನ್ನು ಸರ್ವರಿನ ಪೂರ್ಣ ಅಧಿಕಾರ ಇರುವವರ ಗುಂಪಿಗೇ ಸೇರಿಸಿ ಹೋದ. ಒಂದು ಕೋಣೆ ನೋಡಬೇಕೆಂದವರಿಗೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗಾಯಿತು. ದೋಷವೇನೋ ಮಾಯವಾಯಿತು. ನಮ್ಮ ಕಸುಬಿನಲ್ಲಿ ಅತಿ ಸುಲಭವಾದ ರಿಪೇರಿ ಇದೇ, ಅತಿ ಕೆಟ್ಟದ್ದೂ ಇದೇ. ನೀವು ಮಾಡಬೇಡಿ.

ಕೆಲವು ವಾರ ಅವರು ದಿನವೂ ಪಟ್ಟಿ ನೋಡಿದರು. ಆಮೇಲೆ ಲಕ್ಷ್ಮೀದೇವಮ್ಮನನ್ನು ‘ಆಡಳಿತದ ಅನುಕೂಲಕ್ಕಾಗಿ’ ಮಧುಗಿರಿಯ ಕನ್ನಡಕದ ದಾಸ್ತಾನು ಕೋಣೆಗೆ ವರ್ಗ ಮಾಡಿದರು. ನಾನು ಅವರ ಕೋಣೆಗೆ ಹೋಗಿ ನಿಂತೆ, ಸಮಿತಿಯ ಹಿರಿಯರ ಮನೆಗೂ ಹೋದೆ. ‘ಕೆಲಸದಿಂದ ತೆಗೆದಿಲ್ಲವಲ್ಲಪ್ಪ, ಬರೀ ಜಾಗ ಬದಲಾಯಿಸಿದಾರೆ’ ಎಂದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ದಿನಾ ಪಾವಗಡದಿಂದ ಬಂದು ಹೋಗುವುದು ಆಕೆಯಿಂದ ಆಗುವುದಿಲ್ಲ ಎಂದೆ. ಎಲ್ಲರೂ ತಲೆ ಆಡಿಸಿದರು. ಆಕೆ ಸ್ವಲ್ಪ ದಿನ ಓಡಾಡಿ, ಬಸ್ಸಿನಲ್ಲಿ ಸುಸ್ತಾಗಿ, ಕೊನೆಗೆ ಕೆಲಸ ಬಿಟ್ಟರು. ಬಿಡುವ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು ‘ಬತ್ತೀನಣ್ಣಾ’ ಎಂದರು, ಅಷ್ಟೇ. ಈಗ ಬರೆಯುವಾಗಲೂ ಸಂಕಟವಾಗುತ್ತದೆ.

ಪಾವಗಡದ ಕೌಂಟರಿಗೆ ಹತ್ತು ಬೆರಳಿನಲ್ಲಿ ಟೈಪು ಮಾಡುವ ಹೊಸಬರು ಬಂದರು. ಪಟ್ಟಿಯಲ್ಲಿ ಎಲ್ಲ ಸೊನ್ನೆ. ಕ್ಯೂ ಓಡಿತು, ದೂರು ನಿಂತಿತು. ಗಂಡನ ಹೆಸರಿನ ಜಾಗದಲ್ಲಿ ಚುಕ್ಕೆಗಳು ತುಂಬಿದವು. ಒಂದು ಸಲ ಒಂದೇ ಊರಿನ ಇಬ್ಬರು ಹನುಮಕ್ಕಂದಿರಲ್ಲಿ ಒಬ್ಬಳ ಸಕ್ಕರೆ ಕಾಯಿಲೆ ಇನ್ನೊಬ್ಬಳ ಪುಟಕ್ಕೆ ಹತ್ತಿತು. ಆಪರೇಷನ್ನಿಗೆಂದು ಹೊಟ್ಟೆ ಕಟ್ಟಿಕೊಂಡು ವ್ಯಾನಿನಲ್ಲಿ ಬಂದಿದ್ದ ಅಜ್ಜಿಗೆ, ನಿನಗೆ ಶುಗರ್ ಜಾಸ್ತಿ ಇದೆ, ಇಳಿಸಿಕೊಂಡು ಬಾ ಎಂದು ಹೇಳಿ ಕಳಿಸಿದರು. ಆಕೆಗೆ ಶುಗರೇ ಇರಲಿಲ್ಲ. ತಪ್ಪು ತಿಳಿದ ಮೇಲೆ ಪಕ್ಕದ ಮನೆಯ ನಂಬರಿಗೆ ನಾವು ಎಷ್ಟೋ ಸಲ ಫೋನು ಮಾಡಿದೆವು. ‘ಆಯಮ್ಮ ಬರಲ್ವಂತೆ, ಕಣ್ಣು ಇಷ್ಟೇ ಸಾಕಂತೆ’ ಎಂದರು. ಆಡಳಿತಾಧಿಕಾರಿ ಅಂದು ನನ್ನ ಕೋಣೆಗೆ ಬಂದರು. ಲಕ್ಷ್ಮೀದೇವಮ್ಮನನ್ನು ವಾಪಸು ಕರೆಯಬಹುದಾ ಎಂದು ಕೇಳಿದರು. ಅಷ್ಟರಲ್ಲಿ ಆಕೆ ಊರಿನಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು, ಬರುವುದಿಲ್ಲ ಎಂದು ಹೇಳಿಕಳಿಸಿದರು. ಅಧಿಕಾರಿಯೂ ಸ್ವಲ್ಪ ದಿನಕ್ಕೆ ಬೇರೆ ಕಡೆ ಹೋದರು. ಹೋಗುವ ಮುಂಚೆ ತಮ್ಮ ಹೆಸರನ್ನು ಪೂರ್ಣ ಅಧಿಕಾರದ ಆ ಗುಂಪಿನಿಂದ ತೆಗೆಯಲು ಅವರೇ ಹೇಳಿದರು. ತೆಗೆದೆ. ಅದರಿಂದ ಯಾರಿಗೆ ಏನು ಬಂತು?

ನಿವೃತ್ತಿಯಾದ ಮೇಲೆ ಪಾವಗಡದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಲಕ್ಷ್ಮೀದೇವಮ್ಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಅತ್ತೆ ತೀರಿಕೊಂಡದ್ದು, ಮಗಳ ಬಾಣಂತನ, ಹೊಲಿಗೆಗೆ ಈಗ ಗಿರಾಕಿ ಕಡಿಮೆಯಾದದ್ದು ಎಲ್ಲ ಹೇಳಿದರು. ಆಮೇಲೆ ‘ಅಣ್ಣಾ, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡ. ನನ್ನ ಯಾಕೆ ಅಲ್ಲಿಂದ ಎತ್ತಾಕಿದ್ರು?’ ಎಂದರು.

ಇಷ್ಟು ವರ್ಷ ಆಕೆಗೆ ಕಾರಣ ಗೊತ್ತಿದೆ ಎಂದೇ ತಿಳಿದಿದ್ದೆ. ವರ್ಗದ ಆದೇಶದಲ್ಲಿ ಇದ್ದದ್ದು ‘ಆಡಳಿತದ ಅನುಕೂಲ’ ಎಂಬ ಎರಡು ಮಾತು. ಉಳಿದದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

‘ಆಡಳಿತಾಧಿಕಾರಿಗಳು ದಿನಾ ಕಂಪ್ಯೂಟರನ್ನ ಕೇಳಿ ಒಂದು ಪಟ್ಟಿ ನೋಡ್ತಿದ್ರು, ಅದರಲ್ಲಿ ನಿಮ್ಮ ಹೆಸರಿನ ಮುಂದೆ ಬಿಡುವು ಜಾಸ್ತಿ ತೋರಿಸ್ತಿತ್ತಮ್ಮಾ’ ಎಂದೆ.

‘ಬಿಡುವು ಅಂದ್ರೆ?’

‘ಕೆಲಸ ಮಾಡದೆ ಸುಮ್ನೆ ಕೂತಿದಾರೆ ಅಂತ.’

ಆಕೆ ನನ್ನ ಮುಖವನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ.

‘ಸುಮ್ನೆ ಕೂತಿದ್ನಾ?’ ಎಂದು ತಮಗೆ ತಾವೇ ಹೇಳಿಕೊಂಡರು. ಮಡಿಲಿನಲ್ಲಿದ್ದ ತಾಂಬೂಲದ ಚೀಲವನ್ನು ಆ ಕೈಗೂ ಈ ಕೈಗೂ ಬದಲಿಸಿದರು. ಆಮೇಲೆ ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಬಹಳ ಮೆಲ್ಲಗೆ ಅಂದರು.

‘ಅಲ್ಲಣ್ಣಾ, ಮಿಷಿನ್ನ ಅಷ್ಟ್ ಸಾರಿ ಕೇಳಿದ್ರಲ್ಲಾ, ಒಂದ್ಸಾರಿ ನನ್ನ ಕೇಳಬೌದಿತ್ತು. ನಾನೇನ್ ಹೇಳಲ್ಲ ಅಂತಿದ್ನಾ?’